ಮಂಗಳವಾರದ ಎರಡು ಬಟ್ಟಲು ಅನ್ನ

ಟಕ್ ಎಂದು ಒಂದು ಸಣ್ಣ ಸದ್ದು.

ನಾರೇ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ರೆಕಾರ್ಡಿಂಗನ್ನು ಸ್ವಲ್ಪ ಹಿಂದಕ್ಕೆ ಎಳೆದಳು. ಮಧ್ಯರಾತ್ರಿ ಮೀರಿತ್ತು. ಸಿಯೋಲ್‌ನ ಆ ಪುಟ್ಟ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪಿನದು ಬಿಟ್ಟರೆ ಬೇರೆ ಬೆಳಕಿರಲಿಲ್ಲ.

ಮತ್ತೆ ಕೇಳಿದಳು. ಮೇಜಿನ ಮೇಲೆ ಚಮಚ ಇಟ್ಟ ಸದ್ದು. ಅದೇನೋ ಸರಿ, ಊಟದ ಹೊತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಟಕ್, ಮೇಜಿನ ಆಚೆ ಬದಿಯಲ್ಲಿ. ಆಮೇಲೆ ಅವಳದೇ ಧ್ವನಿ: "ಕುಕ್ಕರ್ ಫೋಟೋ ಆಯ್ತು, ಶುರು ಮಾಡೋಣ್ವಾ?" ಕೂಡಲೇ ಯಾರೋ ಗಡಿಬಿಡಿಯಲ್ಲಿ ಡ್ರಾಯರ್ ಎಳೆದು ಮುಚ್ಚಿದ ಶಬ್ದ.

ಅವಳು ಅಂದು ತಿರುಗಿ ನೋಡಿದಾಗ ಮೇಜಿನ ಮೇಲಿದ್ದದ್ದು ಒಂದೇ ಚಮಚ. ಎದುರಿಗೆ ಮೋ ತೇಯುಲ್, ಏನೂ ಆಗದವನಂತೆ ಕೂತಿದ್ದ.

ಆ ಮನೆಗೆ ಮೊದಲ ಸಲ ಹೋದಾಗ ಡ್ರಾಯರಿನಲ್ಲಿ ಒಂದೇ ಒಂದು ಚಮಚ, ಅದರ ಜೊತೆಯ ಊಟದ ಕಡ್ಡಿಗಳು ಮಾತ್ರ ಇದ್ದದ್ದನ್ನು ಅವಳೇ ನೋಡಿದ್ದಳು. ಅಡುಗೆಮನೆಯ ಡ್ರಾಯರ್ ತೆಗೆಸಿ ನೋಡುವುದು ಅವಳ ಕೆಲಸವೇ. ಒಂಟಿಯಾಗಿರುವವರಿಗೆಂದು ಒಂದು ಕಂಪನಿ ಪುಟ್ಟ ಅನ್ನದ ಕುಕ್ಕರ್ ಮಾಡಿತ್ತು. ಅದನ್ನು ಕೆಲವು ಮನೆಗಳಲ್ಲಿ ಇಟ್ಟು, ವಾರಕ್ಕೊಮ್ಮೆ ಊಟದ ಹೊತ್ತಿಗೆ ಹೋಗಿ, ಜನ ಅದನ್ನು ಹೇಗೆ ಬಳಸುತ್ತಾರೆ ಎಂದು ನೋಡಿ ಬರಬೇಕಿತ್ತು. ಮಂಗಳವಾರದ ಸಂಜೆ ತೇಯುಲ್‌ನ ಮನೆ.

ಚಮಚ ಎರಡಾಗಿದೆ ಎಂದರೆ ಆ ಮನೆಗೆ ಯಾರೋ ಬಂದಿದ್ದಾರೆ. ಈ ಊರಿನಲ್ಲಿ ಬೇರೆ ಅರ್ಥ ಯಾರೂ ಮಾಡುವುದಿಲ್ಲ.

ರಿಪೋರ್ಟಿನ ಚಿಂತೆ ಎಂದು ನಾರೇ ತನಗೆ ತಾನೇ ಹೇಳಿಕೊಂಡಳು. ಒಬ್ಬನೇ ಇರುವ ಮನೆಯಲ್ಲದಿದ್ದರೆ ಅವನ ಉತ್ತರಗಳು ಲೆಕ್ಕಕ್ಕಿಲ್ಲ. ಆದರೆ ರಿಪೋರ್ಟಿನ ಚಿಂತೆಗೆ ಎದೆಯ ಈ ಜಾಗ ಹೀಗೆ ಹಿಂಡಿದಂತಾಗುವುದಿಲ್ಲ. ಅಷ್ಟು ಅವಳಿಗೂ ಗೊತ್ತಿತ್ತು.

*

ತೇಯುಲ್ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಅವನ ಎದುರು ಕೂತು ಬರೆಯುವುದು ಕಷ್ಟ. ಮೊದಲ ದಿನವೇ ಹೇಳಿದ್ದ, "ಬರೆಯೋವಾಗ ಎಡಗಣ್ಣು ಕಿರಿದು ಮಾಡ್ತೀರಿ. ಕನ್ನಡಕದ ನಂಬರ್ ಬದಲಾಗಿದೆ ನಿಮಗೆ."

"ಪ್ರಶ್ನೆ ಕೇಳೋದು ನಾನು," ಎಂದಿದ್ದಳು ತಲೆಯೆತ್ತದೆ.

"ಕೇಳಿ ಕೇಳಿ. ನಾನು ಸುಮ್ನೆ ನೋಡ್ತಿರ್ತೀನಿ."

ಆ ನೋಟ ಅವಳ ಹುಬ್ಬಿನಿಂದ ಶುರುವಾಗಿ, ರೆಪ್ಪೆಯ ಮೇಲೆ ಸ್ವಲ್ಪ ತಡೆದು, ಪೆನ್ನಿನ ತುದಿಗೆ ಇಳಿಯುತ್ತಿತ್ತು. ಅವಳು ತಲೆಯೆತ್ತುವಷ್ಟರಲ್ಲಿ ಅವನು ಕುಕ್ಕರನ್ನೇ ಬಹಳ ಗಂಭೀರವಾಗಿ ನೋಡುತ್ತಿರುತ್ತಿದ್ದ.

ಅಂದೇ ಅವನು ಊಟಕ್ಕೆ ಕರೆದಿದ್ದ. ಕಂಪನಿಯ ನಿಯಮ, ನೀರು ಬಿಟ್ಟು ಏನೂ ಮುಟ್ಟುವ ಹಾಗಿಲ್ಲ ಎಂದಾಗ ಅವನ ಮುಖ ನೋಡುವಂತಿತ್ತು.

"ಎದುರಿಗೆ ಒಬ್ಬರನ್ನ ಬರಿಗೈಲಿ ಕೂರಿಸಿ ನಾನೊಬ್ಬನೇ ತಿನ್ನೋದಾ? ನಮ್ಮಮ್ಮ ನೋಡಿದ್ರೆ ಬೆನ್ನಿಗೆ ಫಟ್ ಅಂತ ಬಾರಿಸ್ತಾಳೆ ಕಣ್ರೀ."

"ನಾನು ಇಲ್ಲ ಅಂದ್ಕೊಳ್ಳಿ."

"ಅದೊಂದು ಆಗಲ್ಲ," ಎಂದ. ತಟ್ಟನೆ ಅನ್ನದ ಬಟ್ಟಲಿಗೆ ಮುಖ ಬಗ್ಗಿಸಿದ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು, ಆದರೆ ಬರೆದುಕೊಳ್ಳಲಿಲ್ಲ.

*

ಬೆಳಿಗ್ಗೆ ಆಫೀಸಿನಲ್ಲಿ ಟೀಮ್ ಲೀಡರ್ ಬಾಂಗ್ ಮೇಡಂಗೆ ರೆಕಾರ್ಡಿಂಗ್ ಕೇಳಿಸಿದಳು. ಮೇಡಂ ಐಸ್ ಕಾಫಿ ಹೀರುತ್ತಾ ಕೇಳಿಸಿಕೊಂಡರು.

"ಅಯ್ಯೋ, ಇವನಾ! 'ಕುಕ್ಕರ್ ಸಾಲಲ್ಲ, ಚಿಕ್ಕದಾಯ್ತು' ಅಂದಿದ್ದನಲ್ಲ, ಅವನೇ ತಾನೇ? ಒಂಟಿ ಜನಕ್ಕೂ ದೊಡ್ಡ ಕುಕ್ಕರ್ ಬೇಕು ಅಂತ ಅದನ್ನೇ ಮೊದಲ ಸ್ಲೈಡ್‌ಗೆ ಹಾಕಿದ್ದೀನಿ ನಾನು!"

"ಅದಕ್ಕೇ ಹೇಳ್ದೆ ಮೇಡಂ."

"ಹೋಗಿ ನೇರವಾಗಿ ಕೇಳು. ಹುಡುಗಿ ಇದ್ರೆ ಅವನನ್ನ ತೆಗೆದುಬಿಡು." ಮೇಡಂ ಸ್ಟ್ರಾ ಕಚ್ಚಿ ಅವಳನ್ನು ದಿಟ್ಟಿಸಿದರು. "ಏನೇ, ನಿನ್ನ ಮುಖ ಯಾಕೆ ನೆಂದ ಕಾಗದದ ಹಾಗಾಗಿದೆ? ಸ್ಲೈಡ್ ಹೋಗಿದ್ದು ನಂದು."

"ನಿದ್ದೆ ಇಲ್ಲ ಮೇಡಂ, ಅಷ್ಟೇ."

ಹುಡುಗಿ ಇದ್ದರೆ ಅವನು ಬೇರೆಯವಳವನು. ಇಲ್ಲದಿದ್ದರೆ ಅವನು ಅಧ್ಯಯನದವನು, ಅವಳು ಪ್ರಶ್ನೆ ಕೇಳಿ ಎದ್ದು ಬರಬೇಕಾದವಳು. ಮೆಟ್ರೋದಲ್ಲಿ ಹ್ಯಾಂಡಲ್ ಹಿಡಿದು ನಿಂತು ಅವಳು ಎರಡನ್ನೂ ತೂಗಿ ನೋಡಿದಳು. ಯಾವ ಕಡೆಯಿಂದ ನೋಡಿದರೂ ತನ್ನ ಪಾಲಿಗೆ ಏನೂ ಬರುವುದಿಲ್ಲ.

*

ಮಂಗಳವಾರ. ಬಾಗಿಲು ತೆರೆದ ಕೂಡಲೇ ಅವಳ ಕಣ್ಣಿಗೆ ಬಿದ್ದದ್ದು ಹೊಸ ಮನೆಚಪ್ಪಲಿ. ಹಳದಿ ಬಣ್ಣ, ಸಣ್ಣ ಸೈಜು, ಹೆಂಗಸಿನದು.

"ಹಾಕ್ಕೊಳ್ಳಿ. ನೆಲದಡಿಯ ಹೀಟರ್ ಈಗಷ್ಟೇ ಹಾಕಿದೆ, ನೆಲ ಇನ್ನೂ ಬಿಸಿ ಆಗಿಲ್ಲ," ಎಂದ ತೇಯುಲ್.

ಇನ್ನೊಬ್ಬಳ ಚಪ್ಪಲಿಗೆ ಕಾಲು ತೂರಿಸುವಾಗ ನಾರೇಗೆ ಅಳುವಂತಾಯಿತು. ಸರಿಯಾಗಿ ಹಿಡಿಸಿದ್ದರಿಂದ ಇನ್ನಷ್ಟು.

ಒಲೆಯ ಮೇಲೆ ಕಿಮ್ಚಿ ಸಾರು ಕುದಿಯುತ್ತಿತ್ತು. ತಟ್ಟೆಯಲ್ಲಿ ಸುಟ್ಟ ಬಂಗುಡೆ. ಅವಳು ಕೂತಳು, ರೆಕಾರ್ಡರ್ ಇಟ್ಟಳು, ಕತ್ತಿನ ಗುರುತಿನ ಚೀಟಿ ಸರಿಮಾಡಿಕೊಂಡಳು. ನೆಟ್ಟಗೆ ಕೇಳಿದಳು.

"ತೇಯುಲ್ ಅವರೇ, ಈ ಮನೇಲಿ ನಿಮ್ಮ ಜೊತೆ ಬೇರೆ ಯಾರಾದ್ರೂ ಇದ್ದಾರಾ?"

"ಇಲ್ವಲ್ಲ."

"ವಾರಕ್ಕೊಂದು ಸಲ ಬರೋರು?"

"ಅದು... ಒಬ್ಬರು ಬರ್ತಾರೆ."

"ಊಟಕ್ಕಾ?"

"ಊಟಕ್ಕಲ್ಲ. ಎಷ್ಟು ಕರೆದ್ರೂ ತಿನ್ನಲ್ಲ."

ಅವಳ ಪೆನ್ನು ನಿಂತಿತು. ಅವನು ಎದ್ದು ಡ್ರಾಯರ್ ತೆಗೆದು ಒಂದು ಉದ್ದನೆಯ ಕೆಂಪು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಒಂದು ಜೊತೆ ಚಮಚ-ಕಡ್ಡಿ, ಹಿಡಿಯಲ್ಲಿ ಕೆಂಪು ಹೂವು. ಪಕ್ಕದಲ್ಲಿ ನೀಲಿ ಹೂವಿನ ಜೊತೆಯ ಜಾಗ ಖಾಲಿ. ಅದು ಅವನ ಬಟ್ಟಲಿನ ಪಕ್ಕದಲ್ಲಿತ್ತು. ಹೊಸದಾಗಿ ಮದುವೆಯಾದವರಿಗೆ ಕೊಡುವ ಉಡುಗೊರೆ ಪೆಟ್ಟಿಗೆ ಅದು.

"ಮೊದಲ ದಿನ ನೀವು ಹೋದ ಮೇಲೆ ಯೋಚನೆ ಬಂತು. ಊಟ ಮಾಡ್ತೀನಿ ಅಂತ ನೀವು ಅಂದಿದ್ರೂ ಕೊಡೋಕೆ ಇನ್ನೊಂದು ಚಮಚ ಇರ್ಲಿಲ್ಲ ಮನೇಲಿ. ನಾಚಿಕೆ ಆಯ್ತು. ಅಂಗಡಿಗೆ ಹೋದೆ, ಬಿಡಿಯಾಗಿ ಕೊಡಲ್ಲ ಅಂದಳು ಅಂಗಡಿಯವಳು. ಮದುವೆ ಯಾವಾಗ ಅಂತ ಬೇರೆ ಕೇಳಿದಳು."

"ನೀವೇನಂದ್ರಿ?"

"ಹುಡುಗಿ ಇನ್ನೂ ನೀರು ಮಾತ್ರ ಕುಡೀತಾಳೆ ಅಂದೆ."

ನಾರೇ ನಗಬಾರದು ಎಂದು ತುಟಿ ಕಚ್ಚಿದಳು. ಆಗಲಿಲ್ಲ. ನಗು ಮೂಗಿನಿಂದ ಹೊರಟೇಬಿಟ್ಟಿತು. ಅವನೂ ನಕ್ಕ. ಆಮೇಲೆ ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಬಂಗುಡೆಯನ್ನು ನೋಡಿದರು.

"ಹೋದ ಮಂಗಳವಾರ ಮೇಜಿಗೆ ಇಟ್ಟಿದ್ದೆ," ಎಂದ ಅವನು ಮೆಲ್ಲಗೆ. "ನೀವು ತಿರುಗಿದ್ರಿ. ಧೈರ್ಯ ಸಾಲಲಿಲ್ಲ, ಒಳಗಿಟ್ಬಿಟ್ಟೆ."

"ಒಂದ್ನಿಮಿಷ." ಅವಳಿಗೆ ಈಗ ಹೊಳೆಯಿತು. "ಹಾಗಾದ್ರೆ ಹೋದ ವಾರ ಅನ್ನ ಎಷ್ಟು ಮಾಡಿದ್ರಿ?"

"ಇಬ್ಬರಿಗೆ."

"ಕುಕ್ಕರ್ ಚಿಕ್ಕದಾಯ್ತು ಅಂದಿದ್ದು ಅದಕ್ಕಾ?"

"ಇಬ್ಬರಿಗೆ ಸಾಲಲ್ಲ ಕಣ್ರೀ ಅದು. ನಿಜ ತಾನೇ ಹೇಳಿದ್ದು?"

"ಅಯ್ಯೋ ದೇವರೇ! ಒಬ್ಬರ ಕುಕ್ಕರಿಗೆ ಇಬ್ಬರ ಅಕ್ಕಿ ಹಾಕಿ ದೂರು ಹೇಳಿದ್ದೀರಾ? ನಿಮ್ಮ ಮಾತು ನಂಬಿ ನಮ್ಮ ಮೇಡಂ ಮೊದಲ ಸ್ಲೈಡೇ ಮಾಡಿದ್ದಾರೆ!" ಹಣೆ ಹಿಡಿದುಕೊಂಡಳು. "ನಿಮ್ಮನ್ನ ತೆಗೆದುಹಾಕಬೇಕು ಈಗ. ಉತ್ತರ ಎಲ್ಲಾ ಹಾಳು."

"ತೆಗೆದುಹಾಕಿ."

"ತಮಾಷೆ ಅಲ್ಲ. ತೆಗೆದುಹಾಕಿದ್ರೆ ಮಂಗಳವಾರ ನಾನು ಬರೋ ಹಾಗಿಲ್ಲ."

ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ. ದಿನವಿಡೀ ಬೇರೆಯವರ ಕಣ್ಣಿಗೆ ಬೇಕಾದದ್ದನ್ನು ಹುಡುಕುವವನು, ಅವಳ ಕಣ್ಣಲ್ಲಿ ತನಗೆ ಬೇಕಾದದ್ದು ಇದೆಯೇ ಎಂದು ನಿಧಾನವಾಗಿ ಹುಡುಕಿದ.

"ಬುಧವಾರ ಬನ್ನಿ," ಎಂದ.

ಸಾರು ಉಕ್ಕಿ ಒಲೆಗೆ ಚೆಲ್ಲಿತು. ಇಬ್ಬರೂ ಏಳಲಿಲ್ಲ. ಕೊನೆಗೆ ಅವನೇ ಹೋಗಿ ಆರಿಸಿ ಬಂದ.

ಅವಳು ಎಲ್ಲವನ್ನೂ ಕ್ರಮವಾಗಿ ಮಾಡುವವಳು. ಅಧ್ಯಯನದಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ರೆಕಾರ್ಡರಿನ ಮುಂದೆ ಅವನಿಂದ ಹೇಳಿಸಿದಳು. ಅವನು ಶಾಲೆಯ ಹುಡುಗನಂತೆ ನೆಟ್ಟಗೆ ಕೂತು ಹೇಳಿದ. ರೆಕಾರ್ಡರ್ ಆರಿಸಿದಳು. ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆದು ಬ್ಯಾಗಿಗೆ ಹಾಕಿದಳು. ಇನ್ನೇನು ಉಳಿದಿದೆ ಎಂದು ಯೋಚಿಸಿದಳು. ಏನೂ ಉಳಿದಿರಲಿಲ್ಲ. ಭಯ ಮಾತ್ರ ಇತ್ತು, ಅದೂ ಸಣ್ಣದು.

"ಹಸಿವಾಗಿದೆ," ಎಂದಳು.

ಅವನ ಮುಖ ಅರಳಿತು. ಎರಡನೇ ಬಟ್ಟಲಿಗೆ ಅನ್ನ ತುಂಬಿ, ಸಾಲದೆನಿಸಿ ತನ್ನದರಿಂದ ತೆಗೆದು ಇನ್ನಷ್ಟು ಹಾಕಿದ. ಅವಳು ಮೊದಲ ಚಮಚ ಎತ್ತುವಷ್ಟರಲ್ಲಿ ತನ್ನ ಕಡ್ಡಿಗಳಿಂದ ಮೀನಿನ ಮುಳ್ಳು ಬಿಡಿಸಿ, ಬಿಳಿ ತುಂಡೊಂದನ್ನು ಅವಳ ಚಮಚದ ಅನ್ನದ ಮೇಲಿಟ್ಟ. ಅಮ್ಮ ಬಿಟ್ಟರೆ ಯಾರೂ ಅವಳಿಗೆ ಹಾಗೆ ಮಾಡಿರಲಿಲ್ಲ.

"ಹೇಗಿದೆ?"

"ಪ್ರಶ್ನೆ ಕೇಳೋದು ನಾನು," ಎಂದಳು ಬಾಯಿ ತುಂಬಿಕೊಂಡೇ. ಆಮೇಲೆ ಮೆಲ್ಲಗೆ, "ಚೆನ್ನಾಗಿದೆ," ಎಂದಳು.

*

ಮರುದಿನ ಬಾಂಗ್ ಮೇಡಂ ಮೊದಲ ಸ್ಲೈಡನ್ನು ಅಳಿಸುತ್ತಾ ಗೊಣಗಿದರು. "ಇಬ್ಬರಿಗೆ ಅನ್ನ ಮಾಡ್ತಿದ್ದನಂತಾ? ಕಳ್ಳ! ಅಂತೂ ಹುಡುಗಿ ಇದ್ದಾಳೆ."

"ಅವನ ಉತ್ತರ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ ಮೇಡಂ. ಅವನೇ ಹಿಂದೆ ಸರಿದಿದ್ದಾನೆ."

"ಹುಡುಗಿ ಹೇಗಿದ್ದಾಳೆ, ನೋಡಿದ್ಯಾ?"

ನಾರೇ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಸಾಧಾರಣ ಮೇಡಂ. ತುಂಬಾ ತಿಂತಾಳಂತೆ."

ಮೇಡಂ ಗಹಗಹಿಸಿ ನಕ್ಕು ಕಾಫಿಗೆ ಹೊರಟರು. ಫೋನಿನಲ್ಲಿ ಅಕ್ಕನ ಸಂದೇಶ ಬಂದು ಕೂತಿತ್ತು: ಏನೇ ವಿಶೇಷ? ಅವಳು ಬೆರಳನ್ನು ಅಕ್ಷರಗಳ ಮೇಲೆ ಹಿಡಿದು ಕೂತಳು. ವರ್ಷಗಳಿಂದ ಅವಳು ಜನರ ಊಟದ ಮೇಜಿನಲ್ಲಿ ಕಂಡದ್ದನ್ನೆಲ್ಲ ಬರೆದು ಯಾರಿಗೋ ಒಪ್ಪಿಸಿದ್ದಳು. ಯಾರು ಎಷ್ಟು ತಿಂದರು, ಏನು ಬಿಟ್ಟರು, ಯಾವ ಮಾತಿಗೆ ಮುಖ ಬಾಡಿತು, ಎಲ್ಲವನ್ನೂ. ನಿನ್ನೆಯದನ್ನು ಒಪ್ಪಿಸಬೇಕಾದವರು ಯಾರೂ ಇರಲಿಲ್ಲ. ಮೇಡಂಗೂ ಇಲ್ಲ, ಅಕ್ಕನಿಗೂ ಇಲ್ಲ, ಭಾನುವಾರ ಫೋನು ಮಾಡುವ ಅಮ್ಮನಿಗೂ ಇಲ್ಲ.

'ಏನಿಲ್ಲ ಅಕ್ಕ, ಆರಾಮ' ಎಂದು ಬರೆದು ಕಳಿಸಿದಳು.