ಗೀಟು ಎಳೆದ ಹೆಸರು

"ಸೋಮವಾರ ಪರ್ತ್‌ಗೆ ಹೋಗ್ತಿದ್ದೀನಿ, ಮೆರಿನ್..."

ಅದೇ ಊರಿಗೆ ಕೆಲಸಕ್ಕೆಂದು ಹೋಗಿ, ಎರಡು ವರ್ಷದ ಮೇಲೆ ಸಿಕ್ಕವನು ಆಡಿದ ಮಾತು ಇದು! ಅದೂ ಬಿರುಬಿಸಿಲಲ್ಲಿ ಮೂರು ಕಿಲೋಮೀಟರ್ ನಡೆಸಿ, ಪಾಳುಬಿದ್ದ ತಾಮ್ರದ ಗಣಿಯ ಎತ್ತರದ ಹೊಗೆ ಚಿಮಣಿಯ ಕೆಳಗೆ ನಿಲ್ಲಿಸಿ.

"ಹೋಗು! ಯಾರು ತಡೆದಿದ್ದಾರೆ?"

"ಪೂರ್ತಿ ಕೇಳೇ ಮಾರಾಯ್ತಿ..."

ಅವಳು ಕೇಳಲಿಲ್ಲ. ಮಿಲೋಶ್‌ನನ್ನು ಅಲ್ಲೇ ಬಿಟ್ಟು ಕೆಂಪು ಮಣ್ಣಿನ ದಾರಿಯಲ್ಲಿ ಸರಸರನೆ ಇಳಿದುಬಂದಳು.

ದಾರಿಯ ಬುಡದಲ್ಲಿ ತಗಡಿನ ಡಬ್ಬಿ, ಅದರೊಳಗೊಂದು ಪುಸ್ತಕ. ಗಣಿಯತ್ತ ಹೋಗುವವರು ಹೆಸರು ಬರೆಯಬೇಕು, ಮರಳಿ ಬಂದವರು ಅದರ ಮೇಲೆ ಗೀಟು ಎಳೆಯಬೇಕು. ಸಂಜೆ ಗೀಟಿಲ್ಲದ ಹೆಸರು ಕಂಡರೆ ಕಾವಲಿನವರು ಹುಡುಕಲು ಹೊರಡುತ್ತಾರೆ. ಮೊದಲು ಬಂದವರು ಹಿಂದೆ ಬರುವವರ ಹೆಸರಿಗೂ ಎಳೆದುಬಿಡುವುದು ಊರಿನವರ ಸೋಮಾರಿ ರೂಢಿ. ಮೆರಿನ್ ಎರಡಕ್ಕೂ ಎಳೆದಳು. ಅವನದಕ್ಕೆ ಸ್ವಲ್ಪ ಜೋರಾಗಿಯೇ!

ಅವನ ಗಾಡಿಯ ನೆರಳಲ್ಲಿ ಕೂತಳು. ಬರಲಿ, ಮುಖವನ್ನೂ ನೋಡುವುದಿಲ್ಲ...

ಒಂದು ಗಂಟೆಯಾಯಿತು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಗೀಟು ಎಳೆದ ಅವನ ಹೆಸರು ನೆನಪಾಯಿತು. ಅಯ್ಯೋ, ಇನ್ನು ಅವನನ್ನು ಹುಡುಕಲು ಯಾರೂ ಬರುವುದಿಲ್ಲ!

ಪುಸ್ತಕದಲ್ಲಿ 'ಇಬ್ಬರೂ ಬಂದಿಲ್ಲ' ಎಂದು ಬರೆದು, ಗಾಡಿಯ ಹಿಂದಿದ್ದ ಹಗ್ಗ ಹೊತ್ತು ಓಡಿದಳು.

ಚಿಮಣಿಯ ಆಚೆ, ಗಣಿಬಾವಿಗೆ ಮುಚ್ಚಿದ್ದ ಹಲಗೆಗಳು ಮುರಿದಿದ್ದವು. ಪಕ್ಕದಲ್ಲಿ ಅವನ ಟೋಪಿ ಬಿದ್ದಿತ್ತು.

ದೇವರೇ, ಅವನು ಪರ್ತ್‌ಗೇ ಹೋಗಲಿ... ಬದುಕಿದ್ದರೆ ಸಾಕು!

"ಮಿಲೋಶ್!"

"ಹತ್ತಿರ ಬರಬೇಡ! ಅಂಚು ಕುಸೀತಿದೆ!"

ಬದುಕಿದ್ದಾನೆ! ಚಿಮಣಿಯ ಗೋಡೆಯ ಕಬ್ಬಿಣದ ಕೊಂಡಿಗೆ ಹಗ್ಗ ಬಿಗಿದು, ಹೊಟ್ಟೆಯ ಮೇಲೆ ತೆವಳಿ, ಬಾವಿಯೊಳಗೆ ಅಡ್ಡತೊಲೆಯೊಂದನ್ನು ತಬ್ಬಿ ಕೂತಿದ್ದ ಅವನತ್ತ ಬಿಟ್ಟಳು. ಒಂದು ಕಲ್ಲು ಜಾರಿತು. ಅದು ತಳ ಮುಟ್ಟಿದ ಸದ್ದೇ ಬರಲಿಲ್ಲ.

"ನಿನ್ನ ಕೆಳಗೆ ಎಷ್ಟು ಆಳ ಇದೆ?"

"ಅದೊಂದು ಕೇಳ್ಬೇಡ..."

ಅಂಗೈ ಕಿತ್ತುಹೋದರೂ ಹಗ್ಗ ಬಿಡದೆ ಅವನು ಮೇಲೆ ಬಂದ. ಇಬ್ಬರೂ ತೆವಳಿಕೊಂಡೇ ದೂರ ಸರಿದರು.

"ಪರ್ತ್‌ಗೆ ಹೋಗ್ತಿರೋದು ಅಲ್ಲಿನ ಕೆಲಸ ಬಿಟ್ಟು ಬರೋಕೆ ಕಣೇ! ಅಷ್ಟು ಹೇಳೋಕೂ ಬಿಡಲಿಲ್ಲ ನೀನು."

ಮೆರಿನ್ ಬಿಕ್ಕಿ ಬಿಕ್ಕಿ ಅತ್ತಳು. "ನಾನು... ಪುಸ್ತಕದಲ್ಲಿ ನಿನ್ನ ಹೆಸರಿಗೂ ಗೀಟು ಎಳೆದುಬಿಟ್ಟಿದ್ದೆ ಕಣೋ!"

ಅವನ ಮುಖ ಬಿಳುಚಿಕೊಂಡಿತು. "ಸಂಜೆ ಕಾವಲಿನವರು ಬಂದೇ ಬರ್ತಾರೆ ಅಂತ ಧೈರ್ಯ ತಂದ್ಕೊಂಡಿದ್ದೆ ಕೆಳಗೆ..."

"ಬೈಯೋ ನನ್ನ..."

"ಆಮೇಲೆ ಬೈತೀನಿ. ಜೀವಮಾನ ಪೂರ್ತಿ ಟೈಮಿದೆ. ಈಗ ಹತ್ತಿರ ಬಾ, ನಂಗಿನ್ನೂ ಭಯ ಹೋಗಿಲ್ಲ."

"ನಂಗೂ..." ಎನ್ನುತ್ತಾ ಅವಳು ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು.