ಹನ್ನೊಂದು ಗಂಟೆಯ ಹೊಳೆ

ಹನ್ನೊಂದು ಗಂಟೆಯೊಳಗೆ ಎಸೆನ್‌ನನ್ನು ಹೊಳೆದಡಕ್ಕೆ ಮುಟ್ಟಿಸಬೇಕು. ಆಚೆಯಿಂದ ಲಾರಿ ನೀರಿಗಿಳಿದು ಬಂದು ಅವನನ್ನು ಮುರ್ಗಾಬ್ ಆಸ್ಪತ್ರೆಗೆ ಒಯ್ಯುತ್ತದೆ. ಮಧ್ಯಾಹ್ನವಾದರೆ ಬೆಟ್ಟದ ಮೇಲೆ ಹಿಮ ಕರಗಿ ಹೊಳೆ ಉಕ್ಕುತ್ತದೆ. ಆಮೇಲೆ ಲಾರಿಯೂ ಇಲ್ಲ, ದಾರಿಯೂ ಇಲ್ಲ.

ಚಮರಿ ಹೋರಿ ತಿವಿದ ಎಸೆನ್‌ನ ತೊಡೆ ಬಾತು ಕಪ್ಪಾಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಅವನ ಹೆಂಡತಿ ಅನಾರಾ ಸಾಧುವಾದ ಇನ್ನೊಂದು ಚಮರಿಯ ಬೆನ್ನಿಗೆ ಅವನನ್ನು ಕಂಬಳಿ ಸಮೇತ ಬಿಗಿಯುತ್ತಿದ್ದರೆ ಅತ್ತೆ ಗುಡಾರದ ಬಾಗಿಲಲ್ಲಿ ನಿಂತು ಸಿಡುಕಿದಳು: “ಕುಲುಕಿ ಕುಲುಕಿ ಕೊಲ್ತೀಯ ನನ್ನ ಮಗನ್ನ. ನಾಳೆ ಮುಲ್ಲಾ ಬರ್ತಾರೆ, ಓದಿ ಊದ್ತಾರೆ.”

“ನಾಳೆ ಮುಲ್ಲಾ ಬೇರೆ ಕೆಲಸಕ್ಕೆ ಬರೋ ಹಾಗಾಗಬಾರದು ಅಂತಲೇ ಹೊರಟಿದ್ದೀನಿ ಅತ್ತೆ,” ಎಂದಳು ಅನಾರಾ.

ಮೈದುನ ತಾಲಾಯ್ ಮೂಗುದಾರ ಹಿಡಿದು ಮುಂದೆ ನಡೆದ.

ದಾರಿಯುದ್ದಕ್ಕೂ ಒಂದೇ ಒಂದು ಮರವಿಲ್ಲ. ಬೋಳು ಕಂದು ಬೆಟ್ಟಗಳು, ಅವುಗಳ ಬೆನ್ನಿಗೆ ಹಿಮದ ಸಾಲು, ಅದರಾಚೆ ಚೀನಾ. ಗಾಳಿ ಮುಖದ ಚರ್ಮ ಸುಲಿಯುವಂತೆ ಬೀಸುತ್ತಿತ್ತು. ಚಳಿಗಾಲದ ಒಲೆಗೆಂದು ಯಾರೋ ಒಣಗಿಸಿಟ್ಟ ಸಗಣಿಯ ರಾಶಿಗಳನ್ನು ದಾಟಿ, ಸಡಿಲ ಕಲ್ಲಿನ ಇಳಿಜಾರಿನಲ್ಲಿ ಜಾರುತ್ತ ಇಳಿದರು. ಎಸೆನ್ ಮೊದಮೊದಲು ನರಳುತ್ತಿದ್ದ. ಆಮೇಲೆ ಅದೂ ನಿಂತಿತು. ಅನಾರಾ ಮತ್ತೆ ಮತ್ತೆ ಅವನ ಮೂಗಿನ ಬಳಿ ಬೆರಳಿಟ್ಟು ನೋಡುತ್ತ ನಡೆದಳು.

ಹೇಳಿದ ಹೊತ್ತಿಗೆ ದಡ ಮುಟ್ಟಿದರು. ಲಾರಿ ಇರಲಿಲ್ಲ.

“ಫೋನಲ್ಲಿ ಏನಂದ ಆ ಡ್ರೈವರ್?”

“ಹನ್ನೊಂದಕ್ಕೆ ನೀರಿಗೆ ಚಕ್ರ ಇಳಿಸ್ತೀನಿ ಅಂದ. ಖುಶ್‌ನಜರ್ ಮಾತು ತಪ್ಪೋನಲ್ಲ ಅತ್ತಿಗೆ.”

“ಖೊರೋಗ್ ಪಟ್ಟಣದವನಾ?” ಹೆಸರು ಕೇಳಿದ್ದೇ ಅನಾರಾ ಥಟ್ಟನೆ ಅವನತ್ತ ತಿರುಗಿದಳು. “ಯಾವ ಹನ್ನೊಂದು ಅಂತ ಕೇಳಿದ್ಯಾ?”

ತಾಲಾಯ್ ಕೇಳಿರಲಿಲ್ಲ. ಮುರ್ಗಾಬ್ ಸೀಮೆಯ ಕಿರ್ಗಿಜರು ಗಡಿಯಾಚೆಯ ಕಿರ್ಗಿಜ್ ನಾಡಿನ ಹೊತ್ತಿನಂತೆ ಬದುಕುವವರು. ಖೊರೋಗ್‌ನವರದು ರಾಜಧಾನಿ ದುಶಾಂಬೆಯ ಗಡಿಯಾರ, ಒಂದು ಗಂಟೆ ಹಿಂದೆ. ಅವನ ಹನ್ನೊಂದೆಂದರೆ ಇಲ್ಲಿಯ ನಡುಹಗಲು.

ಹೊಳೆ ಆಗಲೇ ಏರುತ್ತ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ತಳದಲ್ಲಿ ಕಲ್ಲುಗಳು ಉರುಳುವ ಸದ್ದು.

“ಹಿಂದೆ ಹೋಗೋಣ ಅತ್ತಿಗೆ. ನಾಳೆ ಬೆಳಿಗ್ಗೆ...”

“ನಾಳೆಗೆ ಇವರು ಇರಲ್ಲ. ಇಳಿ ನೀರಿಗೆ.”

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಚಳಿ ಮೂಳೆ ಕಚ್ಚಿತು.

ನಡುಹೊಳೆಯಲ್ಲಿ ತಾಲಾಯ್‌ನ ಕಾಲು ಜಾರಿತು. ಅವನು ಮೂಗುದಾರಕ್ಕೆ ಜೋತುಬಿದ್ದ. ಚಮರಿಯ ತಲೆ ನೀರೊಳಗೆ ಬಾಗಿತು.

“ಬಿಡು! ಹಗ್ಗ ಬಿಡು!”

ಅವನು ಬಿಟ್ಟ. ಸೆಳವು ಅವನನ್ನು ಹೊತ್ತೊಯ್ದು ಆಚೆಯ ಮರಳುದಿಬ್ಬಕ್ಕೆ ಎಸೆಯಿತು.

ಈಗ ಚಮರಿಯ ಕಾಲುಗಳೂ ನೆಲ ಬಿಟ್ಟವು. ಅನಾರಾ ಅದರ ಹೊಟ್ಟೆಯ ಉದ್ದ ಕೂದಲನ್ನು ಮುಂಗೈಗೆ ಸುತ್ತಿಕೊಂಡಳು. ವಾಲಿದ ಎಸೆನ್‌ನ ತಲೆಯ ಕೆಳಗೆ ಹೆಗಲು ಕೊಟ್ಟಳು. ಬಾಯಿಗೆ, ಮೂಗಿಗೆ ನೀರು. ಏನೂ ಕಾಣಲಿಲ್ಲ. ಕೂದಲು ಮಾತ್ರ ಬಿಡಲಿಲ್ಲ.

ಗೊರಸು ಕಲ್ಲಿಗೆ ತಾಗಿತು. ಚಮರಿ ಬುಸುಗುಡುತ್ತ ದಡ ಹತ್ತಿತು.

ಎಸೆನ್ ಕೆಮ್ಮಿ ಕಣ್ಣು ಬಿಟ್ಟ. “ಮುಳುಗಿಸೋಕೆ ಕರ್ಕೊಂಡು ಬಂದ್ಯಾ?”

ಅನಾರಾ ಅಳುತ್ತಲೇ ನಕ್ಕಳು.

ಬಿಸಿಲು ನೆತ್ತಿಗೇರಿದಾಗ ಲಾರಿ ಬಂತು. “ಐದು ನಿಮಿಷ ಮುಂಚೇನೇ ಬಂದಿದ್ದೀನಿ!” ಎಂದು ಹಾರಿ ಇಳಿದ ಖುಶ್‌ನಜರ್, ಭೋರ್ಗರೆಯುವ ಹೊಳೆ ನೋಡಿ ತಣ್ಣಗಾದ.

“ನಿನ್ನ ರಾಜಧಾನಿ ಗಡಿಯಾರ ನೀರಿಗೆ ಎಸಿ ಮಾರಾಯ,” ಎಂದ ತಾಲಾಯ್, ಹಲ್ಲು ಕಟಕಟಿಸುತ್ತ.

ಖುಶ್‌ನಜರ್ ತನ್ನ ಕೋಟು ಬಿಚ್ಚಿ ಎಸೆನ್‌ಗೆ ಹೊದಿಸಿದ.

ಆಸ್ಪತ್ರೆಯಲ್ಲಿ ಕೀವು ತೆಗೆದರು. ಕಾಲು ಉಳಿಯಿತು. ತಾಲಾಯ್‌ನನ್ನು ಅಣ್ಣನ ಬಳಿ ಬಿಟ್ಟು, ಮಂದೆಯ ಚಿಂತೆ ಹತ್ತಿದ ಅನಾರಾ ಒಂದು ಬೆಳಿಗ್ಗೆ, ಹೊಳೆ ತಗ್ಗಿದ್ದಾಗ, ಚಮರಿಯೊಂದಿಗೆ ಒಬ್ಬಳೇ ಮರಳಿದಳು.

ಅತ್ತೆ ದಡದಲ್ಲೇ ನಿಂತಿದ್ದಳು. “ಅವನು?”

“ಕಾಲು ಉಳೀತು ಅತ್ತೆ. ಸಾರಲ್ಲಿ ಮಾಂಸ ಕಮ್ಮಿ ಅಂತ ನರ್ಸ್ ಜೊತೆ ಜಗಳ ಆಡ್ತಿದ್ದಾರೆ.”

ಗುಡಾರದೊಳಗೆ ಅನಾರಾ ಎಂದಿನಂತೆ ಬಾಗಿಲ ಬಳಿ, ಸೊಸೆಯಂದಿರ ಜಾಗದಲ್ಲಿ ಕೂರಲು ಹೋದಳು. ಅತ್ತೆ ಅವಳ ತೋಳು ಹಿಡಿದೆಳೆದು, ಬಾಗಿಲಿಗೆ ಎದುರಾಗಿ ಹಿರಿಯರಿಗೆಂದು ಹಾಸಿದ್ದ ಹಾಸಿನ ಮೇಲೆ ಕೂರಿಸಿದಳು. ಉಪ್ಪು ಬೆರೆತ ಹಾಲಿನ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

“ಕುಡಿ. ಇವತ್ತು ಹಾಲು ನಾನು ಕರೀತೀನಿ.”