ಬೈಂಡರ್ ಹೊಲಿದ ಹೆಬ್ಬಾಗಿಲು

ಅಂಗಡಿಯ ಗೋಡೆಯ ಮೇಲೆ ನಗರಸಭೆಯವರು ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು ಬಳಿದು ಹೋದ ದಿನವೇ ಬೈಂಡರ್ ಕಳ್ಳ ಕೆಲಸಕ್ಕೆ ಇಳಿಯಲು ನಿಶ್ಚಯಿಸಿದ. ರಸ್ತೆ ಅಗಲವಾಗಬೇಕಂತೆ. ಅಪ್ಪನ ಕಾಲದಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಬಂದ ಅಂಗಡಿ ಹೋಗಬೇಕಂತೆ. ಅರ್ಜಿ ಹಿಡಿದು ಹೋದರೆ ಎಂಜಿನಿಯರ್ ನಕ್ಕುಬಿಟ್ಟ. "ಉಳಿಸೋಕೆ ಇದೇನು ಕೋಟೆನಾ?"

ಆ ಮಾತೇ ದಾರಿ ತೋರಿಸಿತು.

ಊರಿಗೆ ಹಿಂದೊಂದು ಕೋಟೆಯಿತ್ತು. ಅದರ ಹೆಬ್ಬಾಗಿಲು ಎಲ್ಲಿತ್ತೆಂದು ಮಾತ್ರ ಯಾರಿಗೂ ತಿಳಿಯದು. ನಿವೃತ್ತ ಚರಿತ್ರೆ ಮೇಷ್ಟ್ರೊಬ್ಬರು ಪ್ರತಿ ಭಾನುವಾರ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು, ಇಲ್ಲದ ಕಟ್ಟಡಗಳನ್ನು ತೋರಿಸುತ್ತ ಸುತ್ತುತ್ತಿದ್ದರು. ಪೆಟ್ರೋಲ್ ಬಂಕಿನ ಮುಂದೆ ನಿಂತು "ಇಲ್ಲೇ ಕುದುರೆ ಲಾಯ ಇತ್ತು" ಎನ್ನುವರು. ಜನ ಬಂಕನ್ನೇ ಭಕ್ತಿಯಿಂದ ನೋಡುವರು. ಹೆಬ್ಬಾಗಿಲ ಮಾತು ಬಂದರೆ ಮೇಷ್ಟ್ರ ಮುಖ ಬಾಡುತ್ತಿತ್ತು. ಇಪ್ಪತ್ತು ವರ್ಷ ಹುಡುಕಿದ್ದರು, ಪಾಪ.

ನಗರಸಭೆಯ ಹಳೆಯ ದಾಖಲೆ ಪುಸ್ತಕಗಳು ರಿಪೇರಿಗೆ ಬರುತ್ತಿದ್ದುದು ಬೈಂಡರನ ಕೈಗೇ. ನೂರೈವತ್ತು ವರ್ಷದ ಅಳತೆ ಪುಸ್ತಕವೊಂದು ಆಗ ಮೇಜಿನ ಮೇಲಿತ್ತು. ಅದರ ಕೊನೆಯ ಖಾಲಿ ಹಾಳೆಯನ್ನು ಬಿಚ್ಚಿದ. ಕಾಗದ ಆ ಕಾಲದ್ದೇ, ಹುಳು ಕೊರೆದ ತೂತುಗಳೂ ಅಸಲಿಯೇ. ಅಂದಿನ ಗುಮಾಸ್ತನ ಬಾಲ ಬಿಟ್ಟ ಅಕ್ಷರಗಳನ್ನು ಒಂದು ವಾರ ತಿದ್ದಿ ಕೈ ಪಳಗಿಸಿಕೊಂಡ. ಆಮೇಲೆ ನಕ್ಷೆ ಬರೆದ. ಕಣಜ, ಲಾಯ, ಸೇತುವೆ ಎಲ್ಲ ಬಂದವು. ಸರಿಯಾಗಿ ತನ್ನ ಅಂಗಡಿಯಿರುವ ಜಾಗಕ್ಕೆ ಹೆಬ್ಬಾಗಿಲೂ ಬಂತು. ಮಸಿ ತೂತಿನ ಅಂಚಿಗೆ ಇಳಿದರೆ, ಹುಳು ಕೊರೆದ ಮೇಲೆ ಬರೆದದ್ದೆಂಬ ಗುಟ್ಟು ರಟ್ಟಾದೀತೆಂದು ಉಸಿರು ಬಿಗಿಹಿಡಿದು ಗೆರೆ ಎಳೆದ. ಹಳೆಯ ದಾರದಲ್ಲೇ ಹಾಳೆಯನ್ನು ಮತ್ತೆ ಹೊಲಿದ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕದಿದ್ದುದೊಂದೇ ಕೊರತೆ.

ಪುಸ್ತಕ ವಾಪಸಾದ ಹತ್ತನೇ ದಿನ, ದಾಖಲೆ ಕೋಣೆಯಲ್ಲೇ ಬೀಡುಬಿಟ್ಟಿದ್ದ ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬಂದರು.

"ನಿಮ್ಮ ಅಂಗಡಿನೇ ಕಣ್ರೀ ಹೆಬ್ಬಾಗಿಲು! ಇಷ್ಟು ವರ್ಷ ಇದರ ಮುಂದೇನೇ ಚಪ್ಪಲಿ ಸವೆಸಿದ್ನಲ್ರೀ!"

ಅವನ ಕೈ ಹಿಡಿದು ಅತ್ತೇಬಿಟ್ಟರು. ಬೈಂಡರನ ಎದೆ ಒಂದು ಗಳಿಗೆ ಚುರುಕ್ಕೆಂದಿತು. ಆದರೂ ಕಣ್ಣರಳಿಸಿ, "ಹೌದಾ ಸಾರ್?" ಎಂದ.

ಪತ್ರಿಕೆಗಳು ಬರೆದವು. ರಸ್ತೆ ಕೆಲಸ ನಿಂತಿತು. ಮುಂದಿನ ಭಾನುವಾರ ಎಂಜಿನಿಯರೇ ಬಂದು ನಕ್ಷೆಯ ದೊಡ್ಡ ಪ್ರತಿಯೊಂದನ್ನು ಅಂಗಡಿಯ ಮುಂದೆ ಅನಾವರಣ ಮಾಡಿದ.

ಚಪ್ಪಾಳೆಯ ನಡುವೆ ಬೈಂಡರನ ಹೆಂಡತಿ, ಗಂಡನ ಕೈಚಳಕದ ಗಂಧಗಾಳಿಯೂ ಇಲ್ಲದವಳು, ಮುಂದೆ ಬಂದು ನಕ್ಷೆಯ ಮೇಲೆ ಬೆರಳಾಡಿಸುತ್ತ ಜೋರಾಗಿ ಓದಿದಳು. "ರೀ, ಇಲ್ಲಿ 'ಹಳೇ ಸೇತುವೆ' ಅಂತ ಇದೆಯಲ್ಲಾ!" ಎಂದು ನಕ್ಕಳು. "ಹೊಸ ಸೇತುವೆ ಕಟ್ಟಿದ್ದು ನಮ್ಮ ತಾತ. ಅಲ್ಲೀವರೆಗೂ ಊರಿಗೆಲ್ಲಾ ಇದ್ದಿದ್ದೇ ಇದೊಂದು ಸೇತುವೆ. ನೂರೈವತ್ತು ವರ್ಷದ ಹಿಂದೇನೇ ಇದನ್ನ 'ಹಳೇದು' ಅಂತ ಯಾರ್ರೀ ಕರೆದವರು?" ಚಪ್ಪಾಳೆ ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ನಕ್ಷೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಎಂಜಿನಿಯರನ ಕಡೆ ತಿರುಗಿ, ತುಂಬ ಮೆತ್ತಗೆ ಕೇಳಿದರು: "ಈ ನಕ್ಷೆ ಇದ್ದ ಅಳತೆ ಪುಸ್ತಕ ಹೋದ ತಿಂಗಳು ರಿಪೇರಿಗೆ ಅಂತ ಯಾರ ಹತ್ರ ಹೋಗಿತ್ತು?"